ಅಕ್ಷರಗುಂಡಿನ ಮುಂದೆ ‘ಬರೆ’ ಎಂಬ ಮಾತು

ಚಳ್ಳಕೆರೆ ನಿಲ್ದಾಣದಿಂದ ಮೊಳಕಾಲ್ಮುರು ಬಸ್ಸು ಹೊರಡುವಾಗ ಕಂಡಕ್ಟರ್ ಬಾಗಿಲ ತಗಡಿಗೆ ಎರಡು ಏಟು ಬಡಿದು ‘ರೈಟ್, ರೈಟ್’ ಅನ್ನುತ್ತಾರೆ. ಬಸ್ಸು ಕದಲುತ್ತದೆ. ಕಿಟಕಿ ಪಕ್ಕದಲ್ಲಿ ಕೂತ ಶಾಲಾ ಹುಡುಗಿಯ ಮಡಿಲಲ್ಲಿರುವ ಇಂಗ್ಲಿಷ್ ಪುಸ್ತಕದಲ್ಲೂ ಒಂದು ‘ರೈಟ್’ ಇರುತ್ತದೆ, ಬರೆ ಎನ್ನುವ ಅರ್ಥದ್ದು. ಕಿವಿಗೆ ಎರಡೂ ಒಂದೇ, ಕನ್ನಡ ಲಿಪಿಯಲ್ಲಿ ಇಳಿಸಿದರೂ ಒಂದೇ. ಇಂಗ್ಲಿಷಿನಲ್ಲಿ ಮಾತ್ರ ಪುಸ್ತಕದ ‘ರೈಟ್’ ಶುರುವಾಗುವುದು ಯಾರೂ ಉಚ್ಚರಿಸದ ‘ಡಬ್ಲ್ಯು’ ಅಕ್ಷರದಿಂದ. ‘ಹೇಳೋದೇ ಇಲ್ಲ ಅಂದಮೇಲೆ ಯಾಕೆ ಬರೀಬೇಕು ಮೇಷ್ಟ್ರೇ?’ ಎಂದು ಮಕ್ಕಳು ಕೇಳುತ್ತಾರೆ. ‘ಅದು ಹಾಗೇ, ಬಾಯಿಪಾಠ ಮಾಡು’ ಎಂಬ ಉತ್ತರ ಸಿಕ್ಕರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ಆದರೆ ಆ ಪ್ರಶ್ನೆಗೆ ಉತ್ತರವಿದೆ. ಅದನ್ನು ಹುಡುಕುತ್ತಾ ಹೋದರೆ ಯುರೋಪಿನ ಕಾಡುಗಳನ್ನು ಹಾದು, ಪರ್ಷಿಯಾದ ಕಚೇರಿಗಳನ್ನು ದಾಟಿ, ಕೊನೆಗೆ ಅದೇ ಬಸ್ಸು ಹೋಗುವ ತಾಲ್ಲೂಕಿನ ಒಂದು ಬಂಡೆಯ ಮುಂದೆ ಬಂದು ನಿಲ್ಲುತ್ತೇವೆ.

ನಿಂತುಹೋದ ದನಿಯ ಗುರುತು

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ರೂಪ ‘ವ್ರೀತಾನ್’. ಮೊದಲಿನ ‘ವ್’ ದನಿಯನ್ನು ಆಗ ಜನ ಬಾಯಿ ತುಂಬ ಹೇಳುತ್ತಿದ್ದರು. ಸುಮಾರು 17ನೆಯ ಶತಮಾನದ ಹೊತ್ತಿಗೆ ಅದು ನಾಲಿಗೆಯಿಂದ ಜಾರಿಹೋಯಿತು. ಅಷ್ಟರಲ್ಲಿ ಕಾಗುಣಿತ ಗಟ್ಟಿಯಾಗಿದ್ದರಿಂದ ಅಕ್ಷರ ಮಾತ್ರ ಇದ್ದಲ್ಲೇ ಉಳಿಯಿತು. ಗಾಯ ಮಾಯ್ದ ಮೇಲೂ ಕಲೆ ಉಳಿಯುವುದಿಲ್ಲವೇ, ಹಾಗೆ.

ಕಲೆ ಎಂದದ್ದು ಸುಮ್ಮನೆ ಹೋಲಿಕೆಗಲ್ಲ. ‘ವ್ರೀತಾನ್’ ಎಂಬುದರ ಮೂಲ ಅರ್ಥವೇ ಗೀರು, ಕೊರೆ, ಕಚ್ಚು ಹಾಕು. ಇದೇ ಬೇರಿನಿಂದ ಬಂದ ಜರ್ಮನ್ ಪದ ‘ರೈಸೆನ್’ ಇವತ್ತಿಗೂ ಹರಿ, ಸೀಳು ಎಂಬ ಅರ್ಥದಲ್ಲೇ ಇದೆ. ಹಳೆಯ ಇಂಗ್ಲಿಷಿನ ಮಹಾಕಾವ್ಯ ‘ಬೇವುಲ್ಫ್’ನಲ್ಲಿ ವೃದ್ಧ ನಾಯಕ ಚೂರಿಯಿಂದ ಬೆಂಕಿಯುಗುಳುವ ಘಟಸರ್ಪವನ್ನು ನಡುವಿಗೆ ಸೀಳುತ್ತಾನೆ. ಅಲ್ಲಿ ಸೀಳಿದ ಎನ್ನಲು ಕವಿ ಬಳಸಿರುವುದು ‘ರೈಟ್’ನ ಪೂರ್ವಜ ಪದವನ್ನೇ. ಇವತ್ತು ಕಾಗದದ ಮೇಲೆ ಮೆತ್ತಗೆ ಓಡಾಡುವ ಆ ಕ್ರಿಯಾಪದದ ಕೈಯಲ್ಲಿ ಒಂದು ಕಾಲದಲ್ಲಿ ಚೂರಿ ಇತ್ತು.

ಯಾಕೆ ಹೀಗೆ? ಉತ್ತರ ಯುರೋಪಿನ ಜನ ಮೊದಲು ಬರೆದದ್ದು ಶಾಯಿಯಲ್ಲಲ್ಲ. ‘ರೂನ್’ ಎಂಬ ಅವರ ಅಕ್ಷರಗಳನ್ನು ಮರ, ಮೂಳೆ, ಕಲ್ಲು, ಲೋಹಗಳ ಮೇಲೆ ಕೊರೆಯುತ್ತಿದ್ದರು. ಕೊರೆಯುವುದೇ ಬರೆಯುವುದಾಗಿತ್ತು. ಮುಂದೆ ಕ್ರೈಸ್ತ ಮಠಗಳ ಜೊತೆ ಚರ್ಮದ ಹಾಳೆ, ಶಾಯಿ, ಲ್ಯಾಟಿನ್ ಭಾಷೆ ಬಂದವು. ಜರ್ಮನ್, ಡಚ್ ಭಾಷೆಗಳು ಬರೆಯುವುದಕ್ಕೆ ಲ್ಯಾಟಿನ್ನಿನ ‘ಸ್ಕ್ರೀಬೆರೆ’ಯನ್ನು ಎರವಲು ಪಡೆದವು. ಇಂಗ್ಲಿಷ್ ತನ್ನ ಹಳೆಯ ಗೀರುವ ಪದವನ್ನೇ ಇಟ್ಟುಕೊಂಡಿತು. ಅದರ ಒಂದು ನಾಮಪದ ರೂಪ ನಮ್ಮ ಪತ್ರಿಕೆಗಳಲ್ಲಿ ದಿನಾ ಕಾಣುತ್ತದೆ: ಹೈಕೋರ್ಟಿಗೆ ಸಲ್ಲಿಸುವ ರಿಟ್ ಅರ್ಜಿಯ ‘ರಿಟ್’. ಬರೆದುಕೊಟ್ಟ ಆಜ್ಞೆ ಎಂದು ಅದರ ಅರ್ಥ.

ಎರವಲು ಪಡೆದವರಿಗೆ ಗೀರುವುದು ತಪ್ಪಿತೇ ಎಂದರೆ ಅದೂ ಇಲ್ಲ. ‘ಸ್ಕ್ರೀಬೆರೆ’ಯ ಮೂಲಾರ್ಥವೂ ಗೀರುವುದೇ. ಸ್ಕ್ರಿಪ್ಟ್, ಪ್ರಿಸ್ಕ್ರಿಪ್ಷನ್ ಎಲ್ಲ ಅದರ ಮಕ್ಕಳು. ಫೋಟೊಗ್ರಾಫ್, ಟೆಲಿಗ್ರಾಂಗಳ ಒಳಗೆ ಕೂತಿರುವ ಗ್ರೀಕ್ ‘ಗ್ರಾಫೈನ್’ ಕೂಡ ಮೊದಲು ಗೀರು ಎಂದೇ ಇತ್ತು. ‘ಅವನ ಕ್ಯಾರೆಕ್ಟರ್ ಸರಿಯಿಲ್ಲ’ ಎನ್ನುತ್ತೇವಲ್ಲ, ಆ ಪದವೂ ಗ್ರೀಕರು ಅಚ್ಚಿನಲ್ಲಿ ಕೊರೆದ ಗುರುತಿಗೆ ಇಟ್ಟ ಹೆಸರಿನಿಂದ ಬಂದದ್ದು. ಸಂಸ್ಕೃತದ ‘ಲಿಖ್’ ಧಾತುವಿಗೆ ಹಳೆಯ ಅರ್ಥ ಗೀರು, ಕೆರೆ. ರೇಖೆ ಅದರ ನೆಂಟ. ಲೇಖಕ, ಲೇಖನಿ, ನೀವೀಗ ಓದುತ್ತಿರುವ ಈ ಲೇಖನ, ಎಲ್ಲವೂ ಒಂದು ಗೀರಿನಿಂದ ಹುಟ್ಟಿದವು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕನ್ನಡದ ‘ಬರೆ’ಯನ್ನು ನೋಡಿ. ಇದು ಸಂಸ್ಕೃತದಿಂದಾಗಲಿ ಬೇರೆಲ್ಲಿಂದಾಗಲಿ ಬಂದದ್ದಲ್ಲ, ನಮ್ಮದೇ ಮಾತು. ಇದನ್ನು ಕ್ರಿಯಾಪದವಾಗಿ ಬಳಸಿದರೆ ಅಕ್ಷರ ಮೂಡಿಸು. ನಾಮಪದವಾಗಿ ಬಳಸಿದರೆ ಗೆರೆ, ಅದರಲ್ಲೂ ಚರ್ಮದ ಮೇಲೆ ಎದ್ದ ಗೆರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯಲ್ಲಿರುವುದು ಕಾದ ಕಬ್ಬಿಣದ ಬರೆ. ದನ ಕಟ್ಟಿ ಬದುಕಿದ ಈ ಸೀಮೆಗೆ ಆ ಗಾದೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಚಳ್ಳಕೆರೆ ಸುತ್ತಿನ ಕಾವಲುಗಳಲ್ಲಿ ಅಮೃತಮಹಲ್ ದನ ಮೇಯ್ದಿವೆ. ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಇವತ್ತಿಗೂ ಉಳುಮೆಗೆ ಹೂಡದೆ, ಮಾರದೆ, ಕಿಲಾರಿಗಳು ಭಕ್ತಿಯಿಂದ ಕಾಯುತ್ತಾರೆ. ದನದ ಮೈಮೇಲಿನ ಬರೆ, ಓಲೆಯ ಮೇಲಿನ ಬರಹ, ಎರಡೂ ಒಂದೇ ಪದದ ಎರಡು ಕವಲು. ಬೆಲೆ ಏರಿದಾಗ ‘ಗ್ರಾಹಕರಿಗೆ ಬರೆ’ ಎಂದು ಪತ್ರಿಕೆಗಳು ಬರೆಯುವಾಗ ಎರಡೂ ಕವಲು ಒಂದೇ ವಾಕ್ಯದಲ್ಲಿ ಸೇರುತ್ತವೆ.

ಚಿತ್ರವನ್ನೂ ಕನ್ನಡದಲ್ಲಿ ‘ಬರೆಯುತ್ತೇವೆ’. ಇಂಗ್ಲಿಷಿನಲ್ಲಿ ಚಿತ್ರಕ್ಕೆ ಬೇರೆ ಕ್ರಿಯಾಪದ, ಅಕ್ಷರಕ್ಕೆ ಬೇರೆ. ಆದರೆ ಹಳೆಯ ‘ವ್ರೀತಾನ್’ಗೆ ಆಕಾರ ಎಳೆ, ಚಿತ್ರಿಸು ಎಂಬ ಅರ್ಥವೂ ಇತ್ತು. ಅವರು ಮುಂದೆ ಬೇರೆ ಮಾಡಿದ್ದನ್ನು ನಾವು ಕೂಡಿಯೇ ಇಟ್ಟುಕೊಂಡಿದ್ದೇವೆ.

ಓಲೆಗರಿಯ ಕೆಲಸ ತಿಳಿದವರಿಗೆ ಇದು ಇನ್ನೂ ಸ್ಪಷ್ಟ. ಒಣಗಿಸಿ ಹದ ಮಾಡಿದ ತಾಳೆಗರಿಯ ಮೇಲೆ ಕಂಟವೆಂಬ ಮೊನಚಾದ ಕಡ್ಡಿಯಿಂದ ಗೀರಬೇಕು. ಗೀರಿದಾಗ ಅಕ್ಷರ ಕಾಣುವುದೇ ಇಲ್ಲ. ಆಮೇಲೆ ಕಾಡಿಗೆಯ ಮಸಿ ಸವರಿ ಒರೆಸಿದರೆ ಗೀರಿನೊಳಗೆ ಕಪ್ಪು ನಿಂತು ಸಾಲುಗಳು ಎದ್ದುಬರುತ್ತವೆ. ವ್ಯಾಪಾರಿಗಳ ಲೆಕ್ಕಕ್ಕೆ, ಮಠಗಳ ದಾಖಲೆಗೆ ಕಡತ ಇತ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುವ ಕಪ್ಪು ಪುಸ್ತಕ ಅದು. ಬಟ್ಟೆ ಹೋದರೂ ಹೆಸರು ಉಳಿದಿದೆ: ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಕೂತಿರುವ ಫೈಲನ್ನು ಇವತ್ತಿಗೂ ಕಡತ ಎನ್ನುತ್ತೇವೆ.

ಮೇಲ್ಮೈ ಯಾವುದಾದರೂ ಆಗಲಿ, ಅದನ್ನು ಸ್ವಲ್ಪ ನೋಯಿಸದೆ ಬರಹ ಮೂಡುತ್ತಿರಲಿಲ್ಲ. ವಿಧಿಯನ್ನು ‘ಹಣೆಬರಹ’ ಎಂದವರು ಇದನ್ನು ಬಲ್ಲವರೇ ಇರಬೇಕು. ಮೇಲೆ ಬಳಿದದ್ದಾದರೆ ಒರೆಸಿಕೊಳ್ಳಬಹುದು, ಗೀರಿದ್ದನ್ನು ಒರೆಸಲಾಗದು.

ಗಡಿಯ ಎರಡು ನಾಲಿಗೆ

ಮೊಳಕಾಲ್ಮುರು ತಾಲ್ಲೂಕಿನ ಪಕ್ಕದಲ್ಲೇ ಆಂಧ್ರದ ರಾಯದುರ್ಗ. ಇಲ್ಲಿನ ಎಷ್ಟೋ ಮನೆಗಳಲ್ಲಿ ಒಲೆ ಮುಂದೆ ತೆಲುಗು, ಶಾಲೆಯಲ್ಲಿ ಕನ್ನಡ. ಬರೆಯುವುದಕ್ಕೆ ತೆಲುಗಿನಲ್ಲಿ ‘ರಾಯು’, ಅದರ ಹಳೆಯ ಗ್ರಂಥಸ್ಥ ರೂಪ ‘ವ್ರಾಯು’. ಇಂಗ್ಲಿಷಿನ ‘ವ್ರೀತಾನ್’, ತೆಲುಗಿನ ‘ವ್ರಾಯು’! ಎರಡರಲ್ಲೂ ಮೊದಲು ‘ವ್ರ’, ಎರಡರಲ್ಲೂ ಕಾಲಾಂತರದಲ್ಲಿ ‘ವ್’ ಬಿದ್ದುಹೋಗಿದೆ, ಎರಡಕ್ಕೂ ಒಂದೇ ಅರ್ಥ. ಹಾಗಾದರೆ ಇಂಗ್ಲಿಷ್ ಪದ ನಮ್ಮ ಕಡೆಯಿಂದಲೇ ಹೋಯಿತೇ ಎಂದು ಯಾರಿಗಾದರೂ ಅನ್ನಿಸೀತು. ಮೊಬೈಲಿನಲ್ಲಿ ಹರಿದಾಡುವ ಭಾಷಾ ಪವಾಡಗಳಲ್ಲಿ ಇಂಥವು ಬೇಕಾದಷ್ಟು.

ಇಲ್ಲಿ ನಿಧಾನಿಸಬೇಕು. ನೆಂಟಸ್ತಿಕೆ ತಿಳಿಯಬೇಕಾದರೆ ಮುಖ ಹೋಲಿದರೆ ಸಾಲದು, ವಂಶಾವಳಿ ನೋಡಬೇಕು. ಟಿ. ಬರೋ ಮತ್ತು ಎಂ. ಬಿ. ಎಮೆನೋ 1961ರಲ್ಲಿ ಪ್ರಕಟಿಸಿದ ದ್ರಾವಿಡ ಪದಮೂಲ ಕೋಶದಲ್ಲಿ ತಮಿಳಿನ ‘ವರೈ’, ಕನ್ನಡದ ‘ಬರೆ’, ತೆಲುಗಿನ ‘ವ್ರಾಯು’ ಒಂದೇ ಮನೆಯವಾಗಿ ನಿಂತಿವೆ. ತಮಿಳಿನ ಪದಾದಿ ‘ವ’ ಕನ್ನಡದಲ್ಲಿ ‘ಬ’ ಆಗುವುದು ನಿಯಮ. ತಮಿಳಿನ ‘ವಾ’ ನಮ್ಮ ‘ಬಾ’, ಅಲ್ಲಿನ ‘ವಾಯ್’ ನಮ್ಮ ‘ಬಾಯಿ’. ತೆಲುಗು ತನ್ನ ಕೆಲವು ಪದಗಳಲ್ಲಿ ಮೊದಲ ಸ್ವರವನ್ನು ಜರುಗಿಸಿ ವ್ಯಂಜನಗಳನ್ನು ಒತ್ತೊತ್ತಾಗಿ ನಿಲ್ಲಿಸುತ್ತದೆ. ‘ವರ’ ಎಂದಿದ್ದದ್ದು ಹಾಗೆ ‘ವ್ರಾ’ ಆಯಿತು. ಇಂಗ್ಲಿಷ್ ಪದದ ‘ವ್ರ’ ಬಂದದ್ದು ಜರ್ಮ್ಯಾನಿಕ್ ಕುಲದ ಬೇರೆಯೇ ದಾರಿಯಲ್ಲಿ. ಎರಡೂ ಒಂದೇ ತಿರುವಿನಲ್ಲಿ ಎದುರಾದದ್ದು ಆಕಸ್ಮಿಕ. ತೆಲುಗಿನಲ್ಲಿ ಕಲ್ಲಿಗೆ ‘ರಾಯಿ’ ಎನ್ನುತ್ತಾರೆ, ಬರೆಯುವುದಕ್ಕೆ ‘ರಾಯು’. ಅದೂ ಇಂಥದೇ ಹೋಲಿಕೆ, ನೆಂಟಸ್ತಿಕೆಯಲ್ಲ.

ಹಾಗೆಂದು ಬೇಸರಪಡಬೇಕಾಗಿಲ್ಲ. ಪದಗಳು ಒಂದರಿಂದೊಂದು ಹುಟ್ಟಿದ್ದರೆ ಅದು ಸಾಲದ ಕಥೆಯಾಗುತ್ತಿತ್ತು. ಒಬ್ಬರನ್ನೊಬ್ಬರು ಕಂಡೇ ಇರದ ಜನ ಬೇರೆ ಬೇರೆ ಕಡೆ ಕೂತು, ಮಾತನ್ನು ಉಳಿಸಿಕೊಳ್ಳುವ ಆಸೆಯಿಂದ ಕೈಗೆ ಸಿಕ್ಕ ಮೊನಚನ್ನು ಹಿಡಿದು ಗೀರಿದರು. ಗೀರಿದ ಕೆಲಸಕ್ಕೆ ತಮ್ಮ ತಮ್ಮ ಭಾಷೆಯಲ್ಲಿ ‘ಗೀರಿದೆ’ ಎಂದೇ ಹೆಸರಿಟ್ಟರು. ನನಗೆ ಇದೇ ದೊಡ್ಡ ಸಂಗತಿ.

ಊರವರು ಇಟ್ಟ ಹೆಸರು

ಈ ಕಥೆ ಮೊಳಕಾಲ್ಮುರಿನಲ್ಲಿ ಕಲ್ಲಿನ ಮೇಲೇ ಇದೆ. ಹೊರಗಿನವರಿಗೆ ಊರಿನ ಹೆಸರು ಹೇಳಿದರೆ ನೆನಪಾಗುವುದು ರೇಷ್ಮೆ ಸೀರೆ. ಆದರೆ ಈ ತಾಲ್ಲೂಕಿನ ಸಿದ್ದಾಪುರದ ಸುತ್ತ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಕಡೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕ್ರಿಸ್ತಪೂರ್ವ 3ನೆಯ ಶತಮಾನದವು. ಇಂದಿನ ಕರ್ನಾಟಕದ ನೆಲದಲ್ಲಿ ಓದಲು ಸಿಕ್ಕಿರುವ ಬರಹಗಳಲ್ಲಿ ಅಶೋಕನ ಶಾಸನಗಳಿಗಿಂತ ಹಳೆಯವಿಲ್ಲ. ಕನ್ನಡದ ಹಲ್ಮಿಡಿ ಶಾಸನ ಹುಟ್ಟಲು ಅಲ್ಲಿಂದ ಇನ್ನೂ ಸುಮಾರು ಏಳುನೂರು ವರ್ಷ ಕಾಯಬೇಕಿತ್ತು.

ಇವನ್ನು 1892ರಲ್ಲಿ ಲೋಕಕ್ಕೆ ತಿಳಿಸಿದವರು ಬಿ. ಎಲ್. ರೈಸ್. ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ನಾಡಿನ ಸಾವಿರಾರು ಶಾಸನಗಳನ್ನು ಕೂಡಿಸಿಟ್ಟ ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ಅದೇ ವರ್ಷ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯಲ್ಲಿ ಬ್ರಾಹ್ಮಿ ಲಿಪಿಯ ಗುಟ್ಟನ್ನು ಬಿಡಿಸಿದ್ದರು. ಅಲ್ಲಿಯವರೆಗೆ ನೂರಾರು ವರ್ಷ ಆ ಲಿಪಿಯನ್ನು ಓದಬಲ್ಲವರೇ ಇರಲಿಲ್ಲ.

ರೈಸ್ ಬರುವ ಮುಂಚೆಯೇ ಊರವರು ಬ್ರಹ್ಮಗಿರಿಯ ಬುಡದಲ್ಲಿರುವ ಆ ಬಂಡೆಯನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಏನು ಬರೆದಿದೆ, ಯಾರು ಬರೆದರು, ಯಾವ ಭಾಷೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆದರೆ ಮಳೆ ಗಾಳಿಗೆ ಬಿದ್ದ ಬಿರುಕಲ್ಲ ಇದು, ಮನುಷ್ಯನ ಕೈ ಗೀರಿದ್ದು ಎಂಬುದನ್ನು ಅವರು ಗುರುತಿಸಿದ್ದರು. ಕ್ಷರ ಎಂದರೆ ಅಳಿಯುವಂಥದ್ದು, ಅಕ್ಷರ ಎಂದರೆ ಅಳಿಯದ್ದು. ಓದಲು ಬಾರದವರು ಓದಲಾಗದ ಬಂಡೆಗೆ ಇಟ್ಟ ಈ ಹೆಸರಿಗಿಂತ ಸರಿಯಾದದ್ದನ್ನು ಯಾವ ಪಂಡಿತ ಇಡಬಲ್ಲ?

ಜಟಾಯು ಬಿದ್ದ ಜಾಗವೆಂದು ಜನ ನಂಬುವ ಜಟಿಂಗರಾಮೇಶ್ವರ ಬೆಟ್ಟದ ಶಾಸನಕ್ಕೆ ಇನ್ನೊಂದು ಹೆಸರಿತ್ತು, ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಆ ಬಂಡೆಯ ಮೇಲೇ ಬಳೆ ಹರಡಿ ಕೂರುತ್ತಿದ್ದರು. ಕಾಲ ತುಳಿತಕ್ಕೆ ಅಲ್ಲಿನ ಅಕ್ಷರಗಳು ಬಹಳ ಸವೆದಿವೆ. ಗೀರಿದ್ದೂ ಸವೆಯುತ್ತದೆ. ಅಳಿಯದೆ ಉಳಿಯುವುದು ಕಲ್ಲಿನ ಬಲದಿಂದ ಮಾತ್ರವಲ್ಲ, ಕಾಯುವವರ ಬಲದಿಂದಲೂ ಹೌದು.

ಬಲದಿಂದ ಎಡಕ್ಕೆ ಒಂದು ರುಜು

ಬ್ರಹ್ಮಗಿರಿಯ ಶಾಸನದಲ್ಲಿ 13 ಸಾಲುಗಳಿವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲ ಎಂಬ ಊರಿನ ಮಹಾಮಾತ್ರರ ಕ್ಷೇಮ ವಿಚಾರಿಸಿ, ದೊರೆಯ ಮಾತನ್ನು ತಲುಪಿಸುತ್ತಾರೆ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಮೊದಲ ಒಂದು ವರ್ಷ ಹೆಚ್ಚು ಶ್ರಮಪಡಲಿಲ್ಲ ಎಂದು ಚಕ್ರವರ್ತಿ ಒಪ್ಪಿಕೊಳ್ಳುತ್ತಾನೆ. ಶ್ರಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದಕ್ಕುತ್ತದೆ ಎನ್ನುತ್ತಾನೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಮುಂದುವರಿಯುತ್ತದೆ.

ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ ಒಬ್ಬ ಸಣ್ಣವನ ಹೆಸರು ಬರುತ್ತದೆ: ಚಪಡ. ಇದನ್ನು ಬರೆದವನು ತಾನು ಎಂದು ಮೂರೂ ಶಾಸನಗಳಲ್ಲಿ ಆತ ಹೇಳಿಕೊಂಡಿದ್ದಾನೆ. ಬರೆದದ್ದಕ್ಕೆ ಅವನು ಬಳಸಿದ ಪದ ‘ಲಿಖಿತ’, ಅದೇ ಗೀರುವ ‘ಲಿಖ್’. ತನ್ನ ವೃತ್ತಿಗೆ ಬಳಸಿದ ಪದ ‘ಲಿಪಿಕರ’. ಆ ಒಂದು ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ನಡೆಯುತ್ತಿದ್ದದ್ದು ಗಾಂಧಾರ ಸೀಮೆಯಲ್ಲಿ, ಇಂದಿನ ಪೇಶಾವರದ ಆಸುಪಾಸಿನಲ್ಲಿ. ಆ ಕಡೆಯಿಂದ ಬಂದವನೋ, ಅಲ್ಲಿ ವಿದ್ಯೆ ಕಲಿತವನೋ ಇರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಇಲ್ಲಿ ಆ ಲಿಪಿ ಬಲ್ಲವರು ಎಷ್ಟು ಜನ ಇದ್ದಿರಬಹುದು? ಆದರೂ ಬರೆದ. ದೊರೆಯ ಆಜ್ಞೆಯನ್ನು ದೊರೆಯ ಲಿಪಿಯಲ್ಲಿ, ತನ್ನ ಕಸುಬಿನ ಹೆಸರನ್ನು ತಾನು ಬಲ್ಲ ಇನ್ನೊಂದು ಲಿಪಿಯಲ್ಲಿ.

‘ಲಿಪಿ’ ಎಂಬ ಪದವೂ ಚಪಡನ ಹಾಗೆ ದೂರದಿಂದ ನಡೆದು ಬಂದದ್ದು. ಸುಮೇರಿಯಾದಲ್ಲಿ ಬರೆಯುವ ಮಣ್ಣಿನ ಹಲಗೆಗೆ ‘ದುಬ್’ ಎಂದು ಹೆಸರು. ಅದು ಅಕ್ಕಾಡಿಯನ್ನಿನಲ್ಲಿ ‘ತುಪ್ಪು’, ಹಳೆಯ ಪರ್ಷಿಯನ್ನಿನಲ್ಲಿ ‘ದಿಪಿ’ ಆಯಿತು. ವಾಯವ್ಯದ ಶಾಹಬಾಜ್‌ಗಢಿಯ ಅಶೋಕ ಶಾಸನದಲ್ಲಿ ‘ದಿಪಿ’ ಎಂದೇ ಇದೆ, ನಮ್ಮ ಕಡೆ ಬರುವಷ್ಟರಲ್ಲಿ ‘ಲಿಪಿ’. ಮೈಸೂರಿನ ದಿವಾನರ ‘ದಿವಾನ’ ಪದವೂ ಈ ‘ದಿಪಿ’ಯ ಸಂತಾನವೇ, ಬರಹಗಳನ್ನು ಇಡುವ ಮನೆ ಎಂಬ ಅರ್ಥದಿಂದ ಬೆಳೆದದ್ದು ಎಂದು ಭಾಷಾತಜ್ಞರು ಹೇಳುತ್ತಾರೆ.

ಇಲ್ಲಿಂದ ಪೂರ್ವಕ್ಕೆ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಅಶೋಕನ ಶಾಸನದಲ್ಲಿ ಕೆಲವು ಸಾಲು ಎಡದಿಂದ ಬಲಕ್ಕೆ ಹೋದರೆ ಕೆಲವು ಬಲದಿಂದ ಎಡಕ್ಕೆ ತಿರುಗುತ್ತವೆ. ಎತ್ತು ಹೊಲದ ತುದಿ ಮುಟ್ಟಿ ತಿರುಗುತ್ತದಲ್ಲ, ಹಾಗೆ. ಇಂಥ ಬರವಣಿಗೆಗೆ ಗ್ರೀಕರು ಕೊಟ್ಟ ಹೆಸರಿನ ಅರ್ಥವೂ ಎತ್ತಿನ ತಿರುವು. ಕನ್ನಡಕ್ಕೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನೇಗಿಲು ಗೀರಿದ್ದೂ ನಮಗೆ ಸಾಲು, ಅಕ್ಷರ ಕೂತದ್ದೂ ಸಾಲು.

ಇನ್ನು ಇಸಿಲ. ಈ ಊರ ಹೆಸರು ಕನ್ನಡದ್ದಿರಬಹುದು, ಬಾಣ ಎಸೆಯುವುದಕ್ಕಿದ್ದ ‘ಇಸು’ ಎಂಬ ಹಳೆಯ ಕ್ರಿಯಾಪದ ಇದರಲ್ಲಿದೆ ಎಂದು ಡಿ. ಎಲ್. ನರಸಿಂಹಾಚಾರ್ ಅಭಿಪ್ರಾಯಪಟ್ಟಿದ್ದರು. ಅವರ ಊಹೆ ಸರಿಯಾದರೆ, ಪ್ರಾಕೃತದ ಈ ಬರಹದ ನಡುವೆ ಒಂದು ಕನ್ನಡ ಕ್ರಿಯಾಪದ ಬಾಣದಂತೆ ನೆಟ್ಟು ನಿಂತಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದಾಗ ಕಲ್ಲುಕೊಡಲಿಗಳೂ ಬೃಹತ್ ಶಿಲಾಸಮಾಧಿಗಳೂ ಬಯಲಾದವು. ಅಕ್ಷರ ಬರುವುದಕ್ಕೆ ಬಹಳ ಮುಂಚಿನಿಂದಲೂ ಇಲ್ಲಿ ಜನರಿದ್ದರು, ಅವರಿಗೆ ಮಾತಿತ್ತು.

ಬರೆಯದವರು, ಬರೆದುಕೊಂಡವರು

ಆ ಮಾತಿನ ಪರಂಪರೆ ಈ ಎರಡು ತಾಲ್ಲೂಕುಗಳಲ್ಲಿ ಬತ್ತಿಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಸಾವಿರಾರು ಹಾಡುಗಳನ್ನು ಎದೆಯಲ್ಲಿ ಇಟ್ಟುಕೊಂಡಿದ್ದವರು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಆ ಅಜ್ಜಿಯ ಮುಂದೆ ಕೂತು ಕೇಳಿ ಬರೆದುಕೊಂಡರು. ಬೆಳಗೆರೆ ಕೃಷ್ಣಶಾಸ್ತ್ರಿಗಳು ಮುಕುಂದೂರು ಸ್ವಾಮಿಗಳ ನುಡಿಗಳನ್ನು ‘ಯೇಗ್ದಾಗೆಲ್ಲಾ ಐತೆ’ ಎಂಬ ಪುಸ್ತಕವಾಗಿ ಇಳಿಸಿದರು. ಆ ಹೆಸರೂ ಒಂದು ಕ್ರಿಯಾಪದದ ಮೇಲೆ ನಿಂತಿದೆ: ಏಗು, ಹೆಣಗು, ಬಾಳಿನ ಜೊತೆ ಗುದ್ದಾಡು. ಅದನ್ನು ಗ್ರಂಥದ ಭಾಷೆಗೆ ತಿದ್ದದೆ, ಕೇಳಿದ ಹಾಗೆಯೇ ಉಳಿಸಿದ್ದರಿಂದ ಅದರ ಕಸುವು ಉಳಿಯಿತು. ಬಳ್ಳಾರಿ ಹೆದ್ದಾರಿಯ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು ತಾವು ಬರೆದದ್ದು ಕಡಿಮೆ, ಬರೆಯಿಸಿದ್ದು ಹೆಚ್ಚು. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ.

ಇವರೆಲ್ಲರನ್ನೂ ಚಪಡನ ಪಕ್ಕ ನಿಲ್ಲಿಸಿ ನೋಡಿದಾಗ ‘ಬರೆ’ ಎಂಬ ಮಾತಿನ ತೂಕ ನನಗೆ ತಿಳಿಯುತ್ತದೆ. ಬರೆಯುವುದೆಂದರೆ ಇನ್ನೊಬ್ಬರ ಮಾತನ್ನು ಕಿವಿಗೊಟ್ಟು ಕೇಳಿ, ಅಳಿಸಲಾಗದ ಹಾಗೆ ಗೀರಿ, ಗೀರಿದ್ದು ನಾನು ಎಂದು ಹೆಸರು ಹಾಕುವುದು. ಇವತ್ತು ನಾವು ಮೆಸೇಜು ‘ಹಾಕುತ್ತೇವೆ’, ಸ್ಟೇಟಸ್ಸು ‘ಇಡುತ್ತೇವೆ’, ಬೇಡವಾದರೆ ‘ತೆಗೆಯುತ್ತೇವೆ’. ಕ್ರಿಯಾಪದಗಳು ಬದಲಾಗಿರುವುದು ಸರಿಯೇ. ಬೆರಳಿಗೆ ಏನೂ ತಗುಲುವುದಿಲ್ಲ, ಗಾಜಿಗೂ ಏನೂ ಆಗುವುದಿಲ್ಲ. ಆದರೆ ಹೆಸರಿಲ್ಲದೆ ಹಾಕಿದ ಒಂದು ಸಾಲು ಯಾರದೋ ಬೆನ್ನಿಗೆ ಬರೆಯಾಗಿ ಬೀಳಬಲ್ಲದು. ಪದದ ಆ ಹಳೆಯ ಅರ್ಥ ಸತ್ತಿಲ್ಲ. ಬರೆಯುವವರು ಅದನ್ನು ಮರೆಯಬಾರದು.

ನನ್ನದೊಂದು ಆಸೆ. ಈ ಎರಡು ತಾಲ್ಲೂಕುಗಳ ಪ್ರತಿ ಮಗುವನ್ನೂ ಅಕ್ಷರ ಕಲಿಯುವ ವಯಸ್ಸಿನಲ್ಲೇ ಒಮ್ಮೆ ಅಕ್ಷರಗುಂಡಿನ ಮುಂದೆ ಕರೆದೊಯ್ಯಬೇಕು. ಬ್ರಾಹ್ಮಿಯ ‘ಕ’ ಲೆಕ್ಕದ ಕೂಡುವ ಚಿಹ್ನೆಯ ಹಾಗೇ ಇದೆ, ಒಂದು ಅಡ್ಡಗೆರೆ, ಒಂದು ಉದ್ದಗೆರೆ. ನಮ್ಮ ದುಂಡನೆಯ ‘ಕ’ ಶತಮಾನಗಳುದ್ದಕ್ಕೂ ಬಾಗಿ ಬಳುಕಿ ಬಂದದ್ದು ಅದರಿಂದಲೇ. ಬಂಡೆಯ ಮೇಲೆ ಆ ಗುರುತನ್ನು ಹುಡುಕಲು ಒಂದನೇ ತರಗತಿಯ ಮಗುವಿಗೂ ಸಾಧ್ಯ. ಸಿಕ್ಕ ಮೇಲೆ ಅದು ಸುಮ್ಮನಿರುವುದಿಲ್ಲ. ಕೆಳಗೆ ಕೂತು, ಒಂದು ಕಡ್ಡಿ ಹುಡುಕಿ, ಮಣ್ಣಿನಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಗೀರುತ್ತದೆ. ‘ಏನು ಮಾಡ್ತಿದೀಯವ್ವ?’ ಎಂದು ಯಾರಾದರೂ ಕೇಳಿದರೆ ‘ಬರೀತಿದೀನಿ’ ಎನ್ನುತ್ತದೆ.